ಡರ್ಟ್ ಬೈಕ್‌ಗೆ ರಸ್ತೆ ಚಕ್ರ ಹಾಕಿಸಿದ್ರೆ ಆರ್‌ಸಿ ಸಿಗುತ್ತಾ? ಸೂಪರ್‌ಮೋಟೋ ಆಸೆ ಇರೋರು, ಗ್ಯಾರೇಜ್‌ನೋರು ಓದಲೇಬೇಕಾದ ಮಾಹಿತಿ

ಚಿತ್ರದುರ್ಗ: ಎತ್ತರದ ಸೀಟು, ಕೊಕ್ಕಿನ ಥರ ಮುಂದಕ್ಕೆ ಚಾಚಿದ ಮಡ್‌ಗಾರ್ಡ್, ಅಗಲವಾದ ಹ್ಯಾಂಡಲ್. ಮೇಲಿಂದ ನೋಡಿದ್ರೆ ಮಣ್ಣಲ್ಲಿ ಹಾರೋ ಡರ್ಟ್ ಬೈಕ್. ಕೆಳಗೆ ನೋಡಿದ್ರೆ ರೇಸ್ ಬೈಕಿನ ಥರ ಚಿಕ್ಕ ಚಕ್ರ, ಅಗಲವಾದ ರಸ್ತೆ ಟೈರು. ಇದಕ್ಕೆ ಸೂಪರ್‌ಮೋಟೋ ಅಂತಾರೆ. ರೀಲ್ಸ್ ನೋಡೋ ಹುಡುಗರಿಗೆ ಈ ಗಾಡಿ ಹೊಸದಲ್ಲ.

ವಿಡಿಯೋಗಳಲ್ಲಿ ತೋರಿಸೋದು ಬಹಳ ಸುಲಭ. ಒಂದು ಡರ್ಟ್ ಬೈಕ್ ತಗೊಳ್ಳಿ, ಎರಡು ಚಕ್ರ ಬದಲಿಸಿ, ಹೆಡ್‌ಲೈಟು, ಹಾರ್ನು, ಕನ್ನಡಿ, ಇಂಡಿಕೇಟರ್ ಹಾಕಿ, ಆಫೀಸಿಗೆ ಹೋಗಿ ನಂಬರ್ ತಗೊಂಡು ರಸ್ತೆಗಿಳಿಸಿ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದು ನಿಜಕ್ಕೂ ಆಗುತ್ತೆ. ಆದರೆ ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಅದೇ ಕೆಲಸ ಮಾಡಿದ್ರೆ ಕೈಯಲ್ಲಿ ಉಳಿಯೋದು ನಂಬರ್ ಪ್ಲೇಟ್ ಅಲ್ಲ, ಕೇಸು. ಯಾಕೆ ಹಾಗೆ, ಕಾನೂನು ಏನು ಹೇಳುತ್ತೆ, ಆಸೆ ಇದ್ದೋರಿಗೆ ಸರಿಯಾದ ದಾರಿ ಯಾವುದು ಅನ್ನೋ ವಿವರ ಇಲ್ಲಿದೆ.

ಸೂಪರ್‌ಮೋಟೋ ಹುಟ್ಟಿದ್ದು ಹೇಗೆ?

1979ರಲ್ಲಿ ಅಮೆರಿಕದ ಎಬಿಸಿ ಟಿವಿ ಚಾನೆಲ್‌ಗಾಗಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ ಒಂದು ರೇಸ್ ಶುರುವಾಯ್ತು. ಹೆಸರು ಸೂಪರ್‌ಬೈಕರ್ಸ್. ಗ್ಯಾವಿನ್ ಟ್ರಿಪ್ ಅನ್ನೋ ಸಂಘಟಕರ ಯೋಚನೆ ಅದು. ಮಣ್ಣಿನಲ್ಲಿ ಓಡಿಸೋರು, ಡಾಂಬರ್ ಟ್ರ್ಯಾಕ್‌ನಲ್ಲಿ ಓಡಿಸೋರು ಎಲ್ಲರೂ ಒಂದೇ ಟ್ರ್ಯಾಕ್‌ನಲ್ಲಿ ಇಳಿದರೆ ಯಾರು ಗೆಲ್ತಾರೆ ಅಂತ ನೋಡೋದು. ಟ್ರ್ಯಾಕ್‌ನಲ್ಲಿ ಸ್ವಲ್ಪ ಡಾಂಬರು, ಸ್ವಲ್ಪ ಮಣ್ಣು. ಎರಡಕ್ಕೂ ಹೊಂದಬೇಕು ಅಂತ ಸವಾರರು ಮೋಟೋಕ್ರಾಸ್ ಬೈಕಿಗೆ ರಸ್ತೆ ಟೈರು ಹಾಕಿದ್ರು. ಮುಂದೆ ಅದು ಯುರೋಪಿಗೆ ಹೋಗಿ, ಅದರಲ್ಲೂ ಫ್ರಾನ್ಸ್‌ನಲ್ಲಿ ದೊಡ್ಡದಾಗಿ ಬೆಳೀತು.

ಅಂದ್ರೆ ಈ ಗಾಡಿ ಹುಟ್ಟಿದ್ದೇ ರೇಸಿಗೆ. ರಸ್ತೆಗೆ ಬಂದದ್ದು ಆಮೇಲೆ, ಕಂಪನಿಗಳೇ ಲೈಟು ನಂಬರ್ ಸಮೇತ ತಯಾರು ಮಾಡಿದಾಗ.

ಚಕ್ರ ಬದಲಿಸಿದ್ರೆ ಏನೇನು ಬದಲಾಗುತ್ತೆ?

ನಮ್ಮ ಕಡೆ ರಸ್ತೆಯಲ್ಲಿ ಕಾಣೋ ಗಾಡಿಯನ್ನೇ ಉದಾಹರಣೆಗೆ ತಗೊಳ್ಳೋಣ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200. ಇದಕ್ಕೆ ಮುಂದೆ 21 ಇಂಚಿನ ಚಕ್ರ, ಹಿಂದೆ 18 ಇಂಚು, ಎರಡೂ ಕಡ್ಡಿ ಚಕ್ರ. ಟೈರಿನ ಅಳತೆ ಮುಂದೆ 90/90-21, ಹಿಂದೆ 120/80-18. ಇದೇ ಕಂಪನಿಯ ಎಕ್ಸ್‌ಪಲ್ಸ್ 200ಟಿ ಅನ್ನೋ ಇನ್ನೊಂದು ಗಾಡಿಗೆ ಎರಡೂ ಕಡೆ 17 ಇಂಚಿನ ಅಲಾಯ್. ಟೈರು ಮುಂದೆ 100/80-17, ಹಿಂದೆ 130/70-17. ದೇಶದಲ್ಲಿ ಸೂಪರ್‌ಮೋಟೋ ಮಾಡಿಸೋರು ಮೊದಲು ಯೋಚನೆ ಮಾಡೋದೇ 17 ಇಂಚಿನ ಇಂಥ ಚಕ್ರಗಳನ್ನ ತಂದು ಕೂರಿಸೋದು.

ಈಗ ಲೆಕ್ಕ ನೋಡಿ. 90/90-21 ಟೈರಿನ ಪೂರ್ತಿ ಎತ್ತರ ಸುಮಾರು 695 ಮಿಲಿಮೀಟರ್. 100/80-17 ಟೈರಿನ ಎತ್ತರ ಸುಮಾರು 592. ಅದರ ಅರ್ಧ ತಗೊಂಡ್ರೆ ಗಾಡಿಯ ಮುಂಭಾಗ 5 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಇಳಿಯುತ್ತೆ. ಹಿಂಭಾಗ ಇಳಿಯೋದು 2 ಸೆಂಟಿಮೀಟರಿಗೂ ಕಡಿಮೆ. ಗಾಡಿ ಮೂಗು ತಗ್ಗಿಸಿದ ಹಾಗೆ ನಿಲ್ಲುತ್ತೆ. ಫೋರ್ಕ್ ಇನ್ನಷ್ಟು ನೆಟ್ಟಗಾಗುತ್ತೆ. ಅದಕ್ಕೇ ತಿರುವಿನಲ್ಲಿ ಗಾಡಿ ಹಗುರವಾಗಿ ಬಾಗುತ್ತೆ, ಹುಡುಗರಿಗೆ ಖುಷಿ ಕೊಡೋದೂ ಅದೇ. ಆದರೆ ಅದೇ ಗಾಡಿ ಹೈವೇಯಲ್ಲಿ ಜೋರಾಗಿ ಹೋಗುವಾಗ ಹ್ಯಾಂಡಲ್ ಅಲ್ಲಾಡೋಕೆ ಶುರು ಮಾಡಬಹುದು.

ಎರಡನೇದು ಮೀಟರ್. ಮುಂದಿನ ಚಕ್ರದ ಸೆನ್ಸರಿನಿಂದ ವೇಗ ಲೆಕ್ಕ ಹಾಕೋ ಗಾಡಿಯಲ್ಲಿ ಚಿಕ್ಕ ಚಕ್ರ ಹಾಕಿದ್ರೆ ಚಕ್ರ ಜಾಸ್ತಿ ಸುತ್ತು ತಿರುಗುತ್ತೆ. ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ ಹೋಗ್ತಿರೋದು 51 ಕಿಲೋಮೀಟರ್ ವೇಗದಲ್ಲಿ. 1,000 ಕಿಲೋಮೀಟರ್ ಓಡಿದೆ ಅಂತ ತೋರಿಸಿದ್ರೆ ನಿಜವಾಗಿ ಓಡಿರೋದು 851. ಮುಂದೆ ಆ ಗಾಡಿಯನ್ನ ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೂ, ಸರ್ವೀಸ್ ಲೆಕ್ಕ ಇಡೋ ಮೆಕ್ಯಾನಿಕ್‌ಗೂ ಇದರಿಂದ ತಪ್ಪು ಮಾಹಿತಿ.

ಮೂರನೇದು ಬ್ರೇಕು. ಡಿಸ್ಕ್ ಅದೇ ಇದ್ದು ಚಕ್ರ ಚಿಕ್ಕದಾದ್ರೆ ನೆಲದ ಮೇಲೆ ಬೀಳೋ ಬ್ರೇಕಿನ ಶಕ್ತಿ ಹೆಚ್ಚುತ್ತೆ. ಮೇಲಿನ ಅಳತೆಯಲ್ಲಿ ಇದು ಶೇ 17ರಷ್ಟು ಜಾಸ್ತಿ. ಮೇಲಿಂದ ಸೂಪರ್‌ಮೋಟೋ ಮಾಡೋರು 300 ಮಿಲಿಮೀಟರಿಗಿಂತ ದೊಡ್ಡ ಡಿಸ್ಕ್ ಬೇರೆ ಹಾಕಿಸ್ತಾರೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೇಲ್ಪಟ್ಟ ಎಲ್ಲಾ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ. ಆ ಎಬಿಎಸ್ ಕಂಪ್ಯೂಟರನ್ನ ಕಂಪನಿಯವರು ಹೊಂದಿಸಿರೋದು ಮೂಲ ಚಕ್ರದ ಅಳತೆಗೆ. ಚಕ್ರದ ಜೊತೆ ತಿರುಗೋ ಹಲ್ಲಿನ ರಿಂಗ್ ಸರಿ ಹೊಂದಲಿಲ್ಲ ಅಂದ್ರೆ ಎಬಿಎಸ್ ಲೈಟ್ ಹತ್ತಿಕೊಂಡೇ ಇರುತ್ತೆ. ಕೆಲವರು ಲೈಟ್ ಹತ್ತೋದು ಬೇಡ ಅಂತ ವೈರನ್ನೇ ಕಿತ್ತು ಹಾಕ್ತಾರೆ. ಮಳೆ ಬಂದ ದಿನ, ಎದುರಿಗೆ ಎಮ್ಮೆ ಅಡ್ಡ ಬಂದಾಗ, ಮುಂದಿನ ಚಕ್ರ ಲಾಕ್ ಆಗಿ ಬಿದ್ದ ಮೇಲೆ ಆ ವೈರಿನ ಬೆಲೆ ಗೊತ್ತಾಗುತ್ತೆ.

ನಾಲ್ಕನೇದು ಹಿಂದಿನ ಚಕ್ರ. ಅದು ಚಿಕ್ಕದಾದ್ದರಿಂದ ಅದೇ ವೇಗಕ್ಕೆ ಇಂಜಿನ್ ಶೇ 6ರ ಹತ್ತಿರ ಜಾಸ್ತಿ ಸುತ್ತಬೇಕು. ಸ್ಪ್ರಾಕೆಟ್ ಬದಲಿಸಬೇಕು, ಚೈನ್ ಅಳತೆ ನೋಡಬೇಕು, ಸೈಡ್ ಸ್ಟ್ಯಾಂಡ್ ಗಿಡ್ಡ ಮಾಡಬೇಕು. ಇಲ್ಲಾಂದ್ರೆ ನಿಲ್ಲಿಸಿದ ಗಾಡಿ ನೆಟ್ಟಗೆ ನಿಂತು ಗಾಳಿಗೆ ಆ ಕಡೆ ಬೀಳುತ್ತೆ.

ಅಪ್ಪಟ ಮೋಟೋಕ್ರಾಸ್ ಬೈಕಿನ ಕಥೆಯೇ ಬೇರೆ

ಎಕ್ಸ್‌ಪಲ್ಸ್ ಮೊದಲೇ ನಂಬರ್ ಇರೋ ಗಾಡಿ. ಆದರೆ ಕವಾಸಕಿ ಕೆಎಕ್ಸ್250, ಕೆಎಕ್ಸ್450, ಕೆಟಿಎಂ 250 ಎಸ್‌ಎಕ್ಸ್-ಎಫ್, 450 ಎಸ್‌ಎಕ್ಸ್-ಎಫ್ ಥರದ ಗಾಡಿಗಳೂ ನಮ್ಮ ದೇಶದಲ್ಲಿ ಮಾರಾಟಕ್ಕಿವೆ. ಇವು ರೇಸ್ ಟ್ರ್ಯಾಕಿಗೆ ಮಾತ್ರ. ಹೆಡ್‌ಲೈಟ್ ಇಲ್ಲ, ಹಾರ್ನ್ ಇಲ್ಲ, ವೇಗದ ಮೀಟರ್ ಇಲ್ಲ, ಬೀಗದ ಕೈ ಕೂಡ ಇಲ್ಲ.

ಲೈಟ್ ತಾನೇ, ಹಾಕಿದ್ರಾಯ್ತು ಅಂತ ಅನ್ನಿಸುತ್ತೆ. ಆದರೆ ಆ ಇಂಜಿನ್‌ನಲ್ಲಿ ಕರೆಂಟ್ ಹುಟ್ಟಿಸೋ ಕಾಯಿಲ್ ಬಹಳ ಸಣ್ಣದು. ಹೆಡ್‌ಲೈಟು, ಬ್ರೇಕ್ ಲೈಟು, ಹಾರ್ನು ಎಲ್ಲಾ ಒಟ್ಟಿಗೆ ಎಳೆಯೋಕೆ ಅದಕ್ಕೆ ಶಕ್ತಿ ಇಲ್ಲ. ರಸ್ತೆ ಬೈಕಿನ ಹಿಂದಿನ ಚಕ್ರದ ಹಬ್ ಒಳಗೆ ರಬ್ಬರ್ ತುಂಡುಗಳಿರುತ್ತವೆ. ಆಕ್ಸಿಲರೇಟರ್ ಕೊಟ್ಟಾಗ ಬೀಳೋ ಏಟನ್ನ ಅವು ತಡೀತವೆ. ಮೋಟೋಕ್ರಾಸ್ ಹಬ್‌ನಲ್ಲಿ ಆ ರಬ್ಬರ್ ಇರಲ್ಲ. ಮಣ್ಣಲ್ಲಿ ಚಕ್ರ ಜಾರುತ್ತೆ, ಏಟು ಅಲ್ಲೇ ಕಳೆದುಹೋಗುತ್ತೆ. ಡಾಂಬರಿನಲ್ಲಿ ಜಾರಲ್ಲ, ಏಟು ನೇರವಾಗಿ ಗೇರ್‌ಬಾಕ್ಸಿಗೆ.

ಸರ್ವೀಸ್ ಲೆಕ್ಕವೂ ಬೇರೆ. ಈ ಇಂಜಿನ್‌ಗಳಿಗೆ ಆಯಿಲ್ ಬದಲಿಸೋದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಓಡಿದ ಗಂಟೆ ಲೆಕ್ಕದಲ್ಲಿ. ದಿನಾ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರೋ ಕೆಲಸಕ್ಕೆ ಅಂಥ ಇಂಜಿನ್ ಹಾಕಿದ್ರೆ ಜೇಬೂ ಖಾಲಿ, ಇಂಜಿನ್ನೂ ಖಾಲಿ.

ನಂಬರ್ ಯಾಕೆ ಸಿಗಲ್ಲ?

ಇದು ಮುಖ್ಯ ವಿಷಯ. ಹೊಸ ಬೈಕ್ ತಗೊಂಡಾಗ ಶೋರೂಂನವರೇ ಎಲ್ಲಾ ಮಾಡೋದ್ರಿಂದ ಯಾವ ಕಾಗದ ಎಲ್ಲಿ ಹೋಗುತ್ತೆ ಅಂತ ನಮಗೆ ಗೊತ್ತಾಗಲ್ಲ. ನೋಂದಣಿಗೆ ಮುಖ್ಯವಾಗಿ ಬೇಕಾಗೋದು ಮೂರು ಫಾರಂ. ಫಾರಂ 20 ಅಂದ್ರೆ ಮಾಲೀಕರ ಅರ್ಜಿ. ಫಾರಂ 21 ಅಂದ್ರೆ ಮಾರಾಟದ ಪ್ರಮಾಣಪತ್ರ. ಫಾರಂ 22 ಅಂದ್ರೆ ಈ ಗಾಡಿ ರಸ್ತೆಗೆ ಯೋಗ್ಯ, ಹೊಗೆ ಮತ್ತು ಸುರಕ್ಷತೆ ನಿಯಮಕ್ಕೆ ತಕ್ಕಂತಿದೆ ಅಂತ ತಯಾರಕರೇ ಕೊಡೋ ಪ್ರಮಾಣಪತ್ರ.

ಫಾರಂ 22 ಸುಮ್ಮನೆ ಬರಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕರು ಅಥವಾ ಆಮದು ಮಾಡೋರು ಗಾಡಿಯ ಮಾದರಿಯನ್ನ ಪುಣೆಯ ಎಆರ್‌ಎಐ ಥರದ ಪರೀಕ್ಷಾ ಸಂಸ್ಥೆಗೆ ಕೊಟ್ಟು ಪಾಸ್ ಮಾಡಿಸಬೇಕು. ಬ್ರೇಕು, ಲೈಟು, ಹೊಗೆ, ಸದ್ದು ಎಲ್ಲಾ ಅಲ್ಲಿ ಪರೀಕ್ಷೆ ಆಗುತ್ತೆ. 2020ರ ಏಪ್ರಿಲ್ 1ರಿಂದ ಹೊಗೆಗೆ ಬಿಎಸ್6 ಮಟ್ಟ ಬೇರೆ.

ಮೋಟೋಕ್ರಾಸ್ ಗಾಡಿ ಈ ಪರೀಕ್ಷೆಗೆ ಹೋಗೋದೇ ಇಲ್ಲ. ಹಾಗಾಗಿ ಫಾರಂ 22 ಇಲ್ಲ. ಫಾರಂ 22 ಇಲ್ಲದೆ ನಂಬರ್ ಇಲ್ಲ. ಮಾಲೀಕ ತನ್ನ ಖರ್ಚಿನಲ್ಲಿ ಎಷ್ಟೇ ಚೆನ್ನಾಗಿ ಲೈಟು ಹಾರ್ನು ಹಾಕಿಸಿದ್ರೂ ಆ ಒಂದು ಕಾಗದ ಹುಟ್ಟಲ್ಲ. ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲಿ ಯಾರ ಪರಿಚಯ ಇದ್ದರೂ, ಯಾವ ಏಜೆಂಟ್ ಹಿಡಿದರೂ ಕೆಎ-16 ನಂಬರ್ ಸಿಗಲ್ಲ. 'ದುಡ್ಡು ಕೊಡಿ, ಮಾಡಿಸಿಕೊಡ್ತೀನಿ' ಅಂತ ಯಾರಾದ್ರೂ ಹೇಳಿದ್ರೆ ಅದು ಬೇರೆ ಗಾಡಿಯ ನಂಬರ್ ಆಗಿರುತ್ತೆ ಇಲ್ಲಾ ಸುಳ್ಳು ಕಾಗದ ಆಗಿರುತ್ತೆ. ಹಳೇ ಬೈಕಿನ ಚಾಸಿ ನಂಬರನ್ನ ಡರ್ಟ್ ಬೈಕ್ ಮೇಲೆ ಕೊರೆಸೋದು ಮಾಡಿಫಿಕೇಶನ್ ಅಲ್ಲ, ಫೋರ್ಜರಿ.

ಸುಪ್ರೀಂ ಕೋರ್ಟ್ ಏನು ಹೇಳಿದೆ?

ನಂಬರ್ ಇರೋ ಗಾಡಿಯನ್ನ ಬದಲಿಸೋದಕ್ಕೂ ಮಿತಿ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಯಾವ ಮಾಲೀಕನೂ ಗಾಡಿಯನ್ನ ಬದಲಿಸೋ ಹಾಗಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಕೇರಳ ಹೈಕೋರ್ಟ್ ಸ್ವಲ್ಪ ಸಡಿಲ ಬಿಟ್ಟಿದ್ದನ್ನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ ಮತ್ತು ವಿನೀತ್ ಶರಣ್ ಅವರ ಪೀಠ ರದ್ದು ಮಾಡಿತು.

'ಆರ್‌ಸಿ ಕಾರ್ಡ್‌ನಲ್ಲಿ ಚಕ್ರದ ಸೈಜ್ ಎಲ್ಲಿದೆ ತೋರಿಸಿ' ಅಂತ ವಾದ ಮಾಡೋರೂ ಇದ್ದಾರೆ. ಆದರೆ ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಆಗಿ 182ಎ ಕಲಂ ಬಂತು. ಅದರ 4ನೇ ಉಪಕಲಂ ಪ್ರಕಾರ ಕಾನೂನು ಒಪ್ಪದ ರೀತಿಯಲ್ಲಿ ಗಾಡಿ ಬದಲಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಹೊರಗಿನ ಬಿಡಿಭಾಗ ತಂದು ಕೂರಿಸೋದೂ ಇದರಲ್ಲಿ ಸೇರಿದೆ. 'ಪ್ರತಿ ಬದಲಾವಣೆಗೆ' ಅನ್ನೋ ಮಾತನ್ನ ಗಮನಿಸಿ. ಚಕ್ರ ಒಂದು, ಸೈಲೆನ್ಸರ್ ಇನ್ನೊಂದು, ಹೀಗೆ ಲೆಕ್ಕ ಏರುತ್ತಾ ಹೋಗುತ್ತೆ.

ಸೈಲೆನ್ಸರ್ ವಿಷಯ ಹೇಳಲೇಬೇಕು. 175 ಸಿಸಿಗಿಂತ ದೊಡ್ಡ ಬೈಕ್ ತಯಾರಾಗುವಾಗ ಸದ್ದಿನ ಮಿತಿ 80 ಡೆಸಿಬಲ್. 80ರಿಂದ 175 ಸಿಸಿವರೆಗೆ 77. ಡಿಬಿ ಕಿಲ್ಲರ್ ತೆಗೆದ ರೇಸ್ ಸೈಲೆನ್ಸರ್ ಈ ಮಿತಿಯೊಳಗೆ ಇರೋದು ಕನಸಿನ ಮಾತು. ಸದ್ದು ಮತ್ತು ಹೊಗೆ ನಿಯಮ ಮುರಿದ್ರೆ 190ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಂಬರ್ ಇಲ್ಲದ ಗಾಡಿ ರಸ್ತೆಗಿಳಿದರೆ

39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನ ಸಾರ್ವಜನಿಕ ಜಾಗದಲ್ಲಿ ಓಡಿಸೋ ಹಾಗಿಲ್ಲ. 192ನೇ ಕಲಂ ಪ್ರಕಾರ ಮೊದಲ ಸಲಕ್ಕೆ 2,000ದಿಂದ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 207ನೇ ಕಲಂ ಪ್ರಕಾರ ಪೊಲೀಸರು ಗಾಡಿಯನ್ನೇ ಹಿಡಿದು ಠಾಣೆಯಲ್ಲಿ ನಿಲ್ಲಿಸಬಹುದು.

ದಂಡ ಕಟ್ಟಿ ಬಿಡಿಸಿಕೊಳ್ಳಬಹುದು ಅಂತ ಅನ್ನೋರು ಮುಂದಿನ ಮಾತು ಕೇಳಬೇಕು. ನಂಬರ್ ಇಲ್ಲದ ಗಾಡಿಗೆ ವಿಮೆ ಇಲ್ಲ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಓಡಿಸಿದ್ರೆ 196ನೇ ಕಲಂ ಪ್ರಕಾರ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು. ಅದು ಸಣ್ಣ ಮಾತು. ದೊಡ್ಡದು ಅಪಘಾತ ಆದಾಗ.

ಹೊಸದುರ್ಗದ ಕಡೆ ಒಂದು ಮನೆ ಅಂತ ಇಟ್ಟುಕೊಳ್ಳಿ. ನಾಲ್ಕು ಎಕರೆ ದಾಳಿಂಬೆ ತೋಟ, ಒಬ್ಬ ಮಗ. ಮಗ ತಂದ ನಂಬರ್ ಇಲ್ಲದ ಬೈಕ್ ಸಂತೆ ದಿನ ರಸ್ತೆ ದಾಟುತ್ತಿದ್ದ ಕೂಲಿ ಕೆಲಸದವರೊಬ್ಬರಿಗೆ ಡಿಕ್ಕಿ ಹೊಡೆಯುತ್ತೆ. ಅವರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗ್ತಾರೆ, ಹೋಗಲೇಬೇಕು. ಸತ್ತವರ ವಯಸ್ಸು, ದುಡಿಮೆ, ಅವರನ್ನ ನಂಬಿದ್ದವರು ಎಷ್ಟು ಜನ ಅಂತ ನೋಡಿ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತೆ. ಅದು ಲಕ್ಷಗಳ ಮಾತು. ವಿಮೆ ಇದ್ದಿದ್ರೆ ಕಂಪನಿ ಕಟ್ಟುತ್ತಿತ್ತು. ಇಲ್ಲದಿದ್ರೆ ಗಾಡಿ ಮಾಲೀಕನ ಆಸ್ತಿಯಿಂದಲೇ ವಸೂಲಿ. ಆಸ್ತಿ ಇಲ್ಲದ ಹುಡುಗನ ಗಾಡಿ ಬಡಿದರೆ ಸತ್ತವರ ಮನೆಗೆ ಕಾಗದದ ಮೇಲಿನ ಆದೇಶ ಬಿಟ್ಟು ಏನೂ ಸಿಗಲ್ಲ. ಎರಡೂ ಕಡೆ ಮನೆ ಮುಳುಗುತ್ತೆ.

ನಂಬರ್ ಮತ್ತು ವಿಮೆ ಇದ್ದು, ಹೇಳದೆ ಚಕ್ರ ಬ್ರೇಕ್ ಬದಲಿಸಿದ ಗಾಡಿಯ ಕಥೆ ಇದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಸ್ವಂತ ಗಾಡಿಯ ಹಾನಿಗೆ ಕ್ಲೇಮ್ ಹಾಕಿದಾಗ ಸರ್ವೇಯರ್ ಬಂದು ಫೋಟೋ ತೆಗೀತಾರೆ. ತಿಳಿಸದೆ ಮಾಡಿದ ಬದಲಾವಣೆ ಕಂಡ್ರೆ ಕಂಪನಿ ಕ್ಲೇಮ್ ನಿರಾಕರಿಸೋಕೆ ಅದೇ ಕಾರಣ ಆಗಬಹುದು.

ಮಕ್ಕಳ ಕೈಗೆ ಕೊಟ್ಟರೆ

18 ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 199ಎ ಕಲಂ ಪ್ರಕಾರ ಅಪ್ಪ ಅಮ್ಮನಿಗೆ ಅಥವಾ ಗಾಡಿ ಮಾಲೀಕನಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬೋವರೆಗೂ ಲೈಸೆನ್ಸ್ ಇಲ್ಲ. 'ಊರೊಳಗೆ ತಾನೇ ಓಡಿಸೋದು' ಅನ್ನೋ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಊರೊಳಗಿನ ರಸ್ತೆಯೂ ಸಾರ್ವಜನಿಕ ಜಾಗವೇ.

ಗ್ಯಾರೇಜ್, ಬಿಡಿಭಾಗದ ಅಂಗಡಿಯವರಿಗೂ ಮಾತಿದೆ

ಗಿರಾಕಿ ಕೇಳಿದ, ಹಾಕಿಕೊಟ್ಟೆ, ನಂದೇನು ತಪ್ಪು? ಹೀಗೆ ಅಂದುಕೊಂಡವರು 182ಎ ಕಲಂನ ಉಳಿದ ಭಾಗವನ್ನೂ ಓದಬೇಕು. ವಾಹನದ ಡೀಲರ್, ತಯಾರಕ ಅಥವಾ ಆಮದುದಾರ ನಿಯಮಕ್ಕೆ ವಿರುದ್ಧವಾದ ಗಾಡಿ ಮಾರಿದ್ರೆ ಅಥವಾ ಹಾಗೆ ಬದಲಿಸಿಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ಗಾಡಿಗೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಸುರಕ್ಷತೆಗೆ ಅತಿ ಮುಖ್ಯ ಅಂತ ಸರ್ಕಾರ ಗುರುತಿಸಿದ ಬಿಡಿಭಾಗವನ್ನ ನಿಯಮಕ್ಕೆ ತಕ್ಕಂತಿಲ್ಲದೆ ಮಾರಿದ ಯಾರಿಗೇ ಆಗಲಿ ಇದೇ ಶಿಕ್ಷೆ, ಪ್ರತಿ ಬಿಡಿಭಾಗಕ್ಕೆ 1 ಲಕ್ಷ.

ಅಂಗಡಿಯವರು ಮಾಡಬಹುದಾದ ಸರಳ ಕೆಲಸ ಇಷ್ಟು. ಟೈರು ಮಾರುವಾಗ ಗಾಡಿಯ ಮೂಲ ಅಳತೆ ಕೇಳಿ, ಅದನ್ನೇ ಕೊಡಿ. ಬಿಲ್ ಮೇಲೆ ಗಾಡಿ ನಂಬರ್ ಮತ್ತು ಟೈರಿನ ಅಳತೆ ಬರೆಯಿರಿ. ಗ್ಯಾರೇಜಿಗೆ ನಂಬರ್ ಇಲ್ಲದ ಗಾಡಿ ಬಂದ್ರೆ ಅದು ಹೇಗೆ ಬಂತು ಅಂತ ನೋಡಿ. ಪಿಕಪ್‌ನಲ್ಲಿ ಬಂದಿದ್ರೆ ಸರಿ, ಪಿಕಪ್‌ನಲ್ಲೇ ಹೋಗಲಿ. ಎಬಿಎಸ್ ವೈರ್ ಕಿತ್ತುಕೊಡು ಅಂತ ಕೇಳೋ ಗಿರಾಕಿಗೆ ಆಗಲ್ಲ ಅನ್ನಿ. ನಾಳೆ ಅಪಘಾತ ಆದಾಗ ಪೊಲೀಸರು ಕೇಳೋ ಮೊದಲ ಪ್ರಶ್ನೆ, 'ಇದನ್ನ ಯಾರ ಹತ್ರ ಮಾಡಿಸಿದೆ?'

ಹಾಗಾದ್ರೆ ಸರಿಯಾದ ದಾರಿ ಯಾವುದು?

ಮೊದಲನೇ ದಾರಿ, ಕಂಪನಿಯೇ ಪಾಸ್ ಮಾಡಿಸಿದ ಗಾಡಿ ತಗೊಳ್ಳೋದು. ಮಣ್ಣಿಗೂ ರಸ್ತೆಗೂ ಆಗೋ, ಫಾರಂ 22 ಸಮೇತ ಬರೋ ಬೈಕ್‌ಗಳು ಈಗ ಮೊದಲಿಗಿಂತ ಹೆಚ್ಚಿವೆ. ಹೀರೋ ಎಕ್ಸ್‌ಪಲ್ಸ್, ಕವಾಸಕಿ ಕೆಎಲ್‌ಎಕ್ಸ್ 230, 2025ರಲ್ಲಿ ಬಂದ ಕೆಟಿಎಂ 390 ಎಂಡ್ಯೂರೋ ಆರ್ ಇವೆಲ್ಲ ನಂಬರ್ ಸಿಗೋ ಗಾಡಿಗಳು. ಎಕ್ಸ್‌ಪಲ್ಸ್‌ನಲ್ಲಿ ಇನ್ನೂ ಎತ್ತರದ ಗಾಡಿ ಬೇಕು ಅನ್ನೋರಿಗೆ 2022ರಲ್ಲಿ ಕಂಪನಿಯೇ ರ‍್ಯಾಲಿ ಎಡಿಷನ್ ತಂದಿತು. ಸೀಟಿನ ಎತ್ತರ 885 ಮಿಲಿಮೀಟರ್, ನೆಲದಿಂದ ಅಂತರ 270 ಮಿಲಿಮೀಟರ್. ಇದೇ ಕೆಲಸವನ್ನ ಮಾಲೀಕ ಗ್ಯಾರೇಜಿನಲ್ಲಿ ಮಾಡಿಸಿದ್ರೆ ತಪ್ಪು, ಕಂಪನಿ ಪರೀಕ್ಷೆಗೆ ಕೊಟ್ಟು ಮಾಡಿದ್ರೆ ಸರಿ. ವ್ಯತ್ಯಾಸ ಇರೋದು ಆ ಪರೀಕ್ಷೆಯಲ್ಲಿ. ಅಪ್ಪಟ ಸೂಪರ್‌ಮೋಟೋ ಗಾಡಿಯೇ ಬೇಕು, ದುಡ್ಡಿದೆ ಅನ್ನೋರಿಗೆ ಡುಕಾಟಿ ಹೈಪರ್‌ಮೋಟಾರ್ಡ್ ನಂಬರ್ ಸಮೇತ ಸಿಗುತ್ತೆ.

ಎರಡನೇ ದಾರಿ, ಇರೋ ಗಾಡಿಯಲ್ಲೇ ಅಳತೆ ಬದಲಿಸದೆ ಮಾಡೋದು. ಮೂಲ ಅಳತೆಯಲ್ಲೇ ರಸ್ತೆಗೆ ಹೆಚ್ಚು ಹೊಂದೋ ಟೈರುಗಳು ಬರ್ತವೆ. ಗುಂಡು ಗುಂಡು ಹಲ್ಲಿನ ಟೈರ್ ಬದಲು ಅಂಥದ್ದು ಹಾಕಿದ್ರೆ ಡಾಂಬರಿನ ಮೇಲೆ ಹಿಡಿತ ಸಾಕಷ್ಟು ಹೆಚ್ಚುತ್ತೆ. ಕಂಪನಿ ಹೇಳಿದ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಸರಿಯಾದ ಗಾಳಿ, ಬಿಗಿಯಾದ ಕಡ್ಡಿ, ಕಂಪನಿಯದೇ ಹ್ಯಾಂಡ್ ಗಾರ್ಡ್. ಇಷ್ಟಕ್ಕೆ ಯಾರೂ ಗಾಡಿ ಹಿಡಿಯಲ್ಲ. ಬಣ್ಣ ಬದಲಿಸೋ ಆಸೆ ಇದ್ದರೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಬಣ್ಣವೂ ಆರ್‌ಸಿಯಲ್ಲಿ ಬರೆದಿರೋ ವಿವರವೇ.

ಮೂರನೇ ದಾರಿ, ನಂಬರ್ ಇಲ್ಲದ ಗಾಡಿಯನ್ನ ನಂಬರ್ ಬೇಡದ ಜಾಗದಲ್ಲೇ ಓಡಿಸೋದು. ಕಾಯ್ದೆ ಕೇಳೋದು ಸಾರ್ವಜನಿಕ ಜಾಗದ ಬಗ್ಗೆ. ಸುತ್ತ ಬೇಲಿ ಇರೋ ಸ್ವಂತ ಜಮೀನಿನಲ್ಲಿ ಓಡಿಸೋಕೆ ನೋಂದಣಿ ಬೇಕಾಗಲ್ಲ. ಅಲ್ಲಿವರೆಗೆ ಗಾಡಿಯನ್ನ ಪಿಕಪ್‌ನಲ್ಲಿ ಸಾಗಿಸಬೇಕು, ಓಡಿಸಿಕೊಂಡು ಹೋಗೋ ಹಾಗಿಲ್ಲ. ಬೇರೆಯವರ ಹೊಲ, ಗಾಳಿಯಂತ್ರ ಕಂಪನಿಯ ದಾರಿ, ಗಣಿ ರಸ್ತೆ ಅಂದ್ರೆ ಅವರ ಅನುಮತಿ ಬೇಕು. ಜೋಗಿಮಟ್ಟಿ ವನ್ಯಜೀವಿ ಧಾಮದೊಳಗೆ ಬೈಕ್ ನುಗ್ಗಿಸಿದ್ರೆ ಅರಣ್ಯ ಇಲಾಖೆಯ ಕೇಸು ಬೇರೆ.

ನಿಜವಾಗಿ ಕಲೀಬೇಕು ಅನ್ನೋರಿಗೆ ನಮ್ಮ ರಾಜ್ಯದಲ್ಲೇ ಜಾಗ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನ 36ನೇ ಸ್ಥಾನದಲ್ಲಿ ಮುಗಿಸಿದ್ರು. ಆ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ ಅವರೇ. ಕೋಲಾರದ ಹತ್ತಿರ ಅವರು ಬಿಗ್‌ರಾಕ್ ಡರ್ಟ್‌ಪಾರ್ಕ್ ಅನ್ನೋ ತರಬೇತಿ ಜಾಗ ಕಟ್ಟಿದ್ದಾರೆ. ರೇಸ್ ಆಡೋರಿಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅಂದ್ರೆ ಎಫ್‌ಎಂಎಸ್‌ಸಿಐ, ಲೈಸೆನ್ಸ್ ಕೊಡುತ್ತೆ. ಟ್ರ್ಯಾಕ್‌ನಲ್ಲಿ ಆಂಬುಲೆನ್ಸ್ ಇರುತ್ತೆ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರಲ್ಲ.

ನಮ್ಮ ರಸ್ತೆಗೆ ಯಾವ ಚಕ್ರ ವಾಸಿ?

ಕಾನೂನು ಪಕ್ಕಕ್ಕಿಡಿ. ನಮ್ಮ ಜಿಲ್ಲೆಯ ರಸ್ತೆಗೆ ಸೂಪರ್‌ಮೋಟೋ ಬೇಕಾ? ಚಿತ್ರದುರ್ಗ, ಹಿರಿಯೂರು ಮೂಲಕ ಹೋಗೋ ರಾಷ್ಟ್ರೀಯ ಹೆದ್ದಾರಿ 48 ಬಿಟ್ಟು ಒಳಗೆ ಬಂದ್ರೆ ಗುಂಡಿ, ಹಂಪ್, ಪೈಪ್‌ಲೈನ್‌ಗೆ ಅಗೆದು ಮುಚ್ಚದ ಕಾಲುವೆ, ತೋಟದ ಕಲ್ಲು ದಾರಿ. 21 ಇಂಚಿನ ದೊಡ್ಡ ಚಕ್ರ ಗುಂಡಿಯ ಮೇಲೆ ಉರುಳಿಕೊಂಡು ಹೋಗುತ್ತೆ. 17 ಇಂಚಿನ ಚಕ್ರ ಅದರೊಳಗೆ ಇಳಿದು ಅಂಚಿಗೆ ಬಡಿಯುತ್ತೆ. ಅಲಾಯ್ ಆಗಿದ್ರೆ ಸೊಟ್ಟ ಆಗುತ್ತೆ ಇಲ್ಲಾ ಬಿರುಕು ಬಿಡುತ್ತೆ. ಕಡ್ಡಿ ಚಕ್ರವನ್ನ ನಮ್ಮೂರ ಮೆಕ್ಯಾನಿಕ್ ಕೂತು ಬಿಗಿ ಮಾಡಿ ಕೊಡ್ತಾರೆ. ಬಿರುಕು ಬಿಟ್ಟ ಅಲಾಯ್ ಹಾಗೆ ರಿಪೇರಿ ಆಗಲ್ಲ, ಹೊಸದೇ ತರಬೇಕು. ಕಂಪನಿಯವರು ಇಂಥ ಗಾಡಿಗೆ 21 ಇಂಚು ಕೊಟ್ಟಿರೋದು ನಮ್ಮಂಥ ರಸ್ತೆಗೇ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ನೋಡಬೇಕಾದ್ದು

* ಬಿಲ್ ಮೇಲೆ 'ರೇಸ್ ಬಳಕೆಗೆ ಮಾತ್ರ', 'ರಸ್ತೆಗೆ ಅಲ್ಲ' ಅನ್ನೋ ಮಾತು ಇದೆಯಾ ಓದಿ. ಇದ್ದರೆ ಆ ಗಾಡಿಗೆ ಯಾವತ್ತೂ ನಂಬರ್ ಬರಲ್ಲ.

* ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆ ಹತ್ತಿರ ಕೊರೆದ ಚಾಸಿ ನಂಬರನ್ನ ಆರ್‌ಸಿ ಜೊತೆ ಹೋಲಿಸಿ. ಉಜ್ಜಿದ ಗುರುತು, ಹೊಸ ಬಣ್ಣ ಕಂಡ್ರೆ ಅಲ್ಲಿಂದ ಎದ್ದು ಬನ್ನಿ.

* ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಗಾಡಿಯ ಮಾಡೆಲ್, ವಿಮೆ, ಫಿಟ್‌ನೆಸ್ ನೋಡಿ. ಎದುರಿಗಿರೋ ಗಾಡಿ ಒಂದು, ಆ್ಯಪ್‌ನಲ್ಲಿ ಬರೋ ಮಾಡೆಲ್ ಇನ್ನೊಂದು ಆಗಿದ್ರೆ ಅದು ಬೇರೆ ಗಾಡಿಯ ನಂಬರ್.

* ಬೇರೆ ರಾಜ್ಯದ ಗಾಡಿ ಆಗಿದ್ರೆ ಫಾರಂ 28 ಎನ್‌ಒಸಿ ಕೇಳಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಕರ್ನಾಟಕದ ತೆರಿಗೆ ಎಷ್ಟಾಗುತ್ತೆ ಅಂತ ದುಡ್ಡು ಕೊಡೋ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ.

* ಚಕ್ರ ಬದಲಿಸಿದ ಗಾಡಿ ಆಗಿದ್ರೆ ಮೂಲ ಚಕ್ರ, ಮೂಲ ಸೈಲೆನ್ಸರ್ ಕೊಡ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಅವುಗಳ ಬೆಲೆ ಕಳೆದು ಲೆಕ್ಕ ಹಾಕಿ. ಮೀಟರ್‌ನಲ್ಲಿ ಕಾಣೋ ಕಿಲೋಮೀಟರ್ ನಂಬಬೇಡಿ.

ಹೊಸ ಗಾಡಿ ತಗೊಳ್ಳೋರಿಗೂ ಒಂದು ಮಾತು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿನ ಜೊತೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಬರುತ್ತೆ. ಆದರೆ ಸ್ವಂತ ಗಾಡಿಯ ಹಾನಿಯ ವಿಮೆ ಬೇರೆ, ಅದರ ಅವಧಿ ಮುಗಿದಾಗ ಕಟ್ಟಿಸಬೇಕು. ಐದು ವರ್ಷ ಆದ ಮೇಲೆ ಥರ್ಡ್ ಪಾರ್ಟಿಯನ್ನೂ ಕಟ್ಟಿಸೋದು ಬಹಳ ಜನ ಮರೀತಾರೆ. ಮನೆಯಲ್ಲಿರೋ ಬೈಕಿನ ವಿಮೆ ಯಾವ ತಾರೀಖಿಗೆ ಮುಗಿಯುತ್ತೆ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ.